ಹುಳದ ಮನೆಯ ಸ್ಕೂಲು

"ಅತ್ತೆ, ಶುಕ್ರವಾರ ಬಂದ್ಬುಡು. ನಮ್ಮೂರ ಸ್ಕೂಲಲ್ಲಿ ರೇಷ್ಮೆ ಮರಿಹುಳದ ಚಾಕಿ ಸುರು ಮಾಡ್ತಾ ಇದೀನಿ. ಮೊದಲನೇ ಸೊಪ್ಪು ನೀನೇ ಹಾಕ್ಬೇಕು" ಎಂದು ತಮ್ಮನ ಮಗ ಬಾಲರಾಜು ಫೋನಿನಲ್ಲಿ ಹೇಳಿದಾಗ ಪುಟ್ಟಗೌರಮ್ಮ ಅಂಗಳದಲ್ಲಿ ಕೂತು ಅವರೆಕಾಯಿ ಸುಲಿಯುತ್ತಿದ್ದಳು. ಎಂಬತ್ತು ದಾಟಿದ ಕೈ ಹಾಗೇ ನಿಂತಿತು.

"ಸ್ಕೂಲಲ್ಲಿ ಹುಳಾನೇನ್ಲಾ?"

"ಹೂಂ ಕಣತ್ತೆ. ಮಕ್ಳೆಲ್ಲ ಹಳದಿ ವ್ಯಾನ್ ಹತ್ಕೊಂಡು ಚನ್ನಪಟ್ಟಣಕ್ಕೆ ಓಯ್ತವೆ. ಇಲ್ಲಿ ಬೀಗ ಜಡ್ದು ವರ್ಷಾನುಗಟ್ಲೆ ಆಯ್ತು, ಹಾವು ಸೇರ್ಕೊತಿದ್ದೋ. ಅವರಿವರ ಕೈ ಕಾಲು ಹಿಡ್ದು ಈಸ್ಕೊಂಡೆ. ಒಳ್ಳೆ ಗಾಳಿ, ಬೆಳಕು. ಹುಳಕ್ಕೆ ಹೇಳಿ ಮಾಡ್ಸಿದಂಗೈತೆ."

ಪುಟ್ಟಗೌರಮ್ಮನಿಗೆ ನಗು ಬಂತು. ಬಾಯಲ್ಲಿ ಬೇವಿನ ಕಷಾಯ ಇಟ್ಟುಕೊಂಡವರು ನಗುವಂಥ ನಗು. ಆ ಊರಿನ ಸ್ಕೂಲು ಹುಟ್ಟಿದ್ದೇ ಹುಳದ ಮನೆಯಲ್ಲಿ. ಅದನ್ನು ಅಲ್ಲಿಂದ ಆಚೆಗೆ ಹಾಕಿದವನು ಇದೇ ಬಾಲರಾಜುವಿನ ತಾತ, ಅವಳ ಅಪ್ಪ ಲಿಂಗಯ್ಯ. ಆಚೆಗೆ ಹಾಕಿದ್ದು ಅವಳು ಆಡಿದ ಒಂದು ಮಾತಿಗೆ.

ವಿರೂಪಾಕ್ಷಿಪುರ ಹೋಬಳಿಯ ಸೀಗೆಕಟ್ಟೆದೊಡ್ಡಿ ಅವಳ ತವರು. ಮೊದಲನೇ ಚುನಾವಣೆ ಮುಗಿದ ಹೊಸತು ಅದು. ಊರಿನವರು ಎತ್ತಿನ ಗಾಡಿ ಕಟ್ಟಿಕೊಂಡು ಹೋಗಿ ವೋಟು ಹಾಕಿ ಬಂದಿದ್ದರು. ಹಾಕಿದ್ದಕ್ಕೆ ಏನು ಬರುತ್ತದೆ ಎಂದು ಕಾಯುತ್ತಿದ್ದರು. ಬಂದದ್ದು ಒಬ್ಬ ಮೇಷ್ಟ್ರು. ಕಂಕುಳಲ್ಲಿ ಕೊಡೆ, ಕೈಯಲ್ಲಿ ಟ್ರಂಕು, ಕಿರುಗತ್ತಿನ ನಂಜುಂಡಯ್ಯ ಮೇಷ್ಟ್ರು. ಸರ್ಕಾರ ಮೇಷ್ಟ್ರನ್ನು ಕೊಡುತ್ತದೆ, ಕರಿಹಲಗೆ ಕೊಡುತ್ತದೆ, ಸೂರು ಮಾತ್ರ ಊರಿನವರೇ ಕೊಡಬೇಕು ಎಂದು ಇನ್‌ಸ್ಪೆಕ್ಟರು ಮೊದಲೇ ಹೇಳಿ ಹೋಗಿದ್ದರು. ಸೂರು ಯಾರದು ಎಂಬ ಮಾತು ಬಂದಾಗ ಊರೆಲ್ಲ ತಲೆ ಕೆರೆದುಕೊಂಡಿತು. ಲಿಂಗಯ್ಯ ಎದ್ದು ನಿಂತ.

"ನಮ್ಮ ಹುಳದ ಮನೆ ಐತಲ್ಲ. ಅರ್ಧ ಹುಳಕ್ಕೆ, ಅರ್ಧ ಮಕ್ಳಿಗೆ. ಎಲ್ಡೂ ಬೆಳೀಲಿ."

ಎಲ್ಲರೂ ಚಪ್ಪಾಳೆ ತಟ್ಟಿದರು. ಆ ಚಪ್ಪಾಳೆಯ ಸದ್ದು ಲಿಂಗಯ್ಯನ ಕಿವಿಯಲ್ಲಿ ಅವನು ಸಾಯುವವರೆಗೂ ಇತ್ತು.

ಹುಳದ ಮನೆ ಎಂದರೆ ರೇಷ್ಮೆಹುಳ ಸಾಕುವ ಮನೆ. ಆಗತಾನೇ ಕಟ್ಟಿಸಿದ್ದು, ಹೆಂಚಿನದು, ಎತ್ತರದ ಕಿಟಕಿಗಳದು. ನಡುವೆ ಬಿದಿರಿನ ತಡಿಕೆ ನಿಲ್ಲಿಸಿದರು. ಆ ಕಡೆ ಅಟ್ಟಣೆಯ ಮೇಲೆ ಬಿದಿರಿನ ತಟ್ಟೆಗಳು, ತಟ್ಟೆ ತುಂಬ ಹುಳ. ಈ ಕಡೆ ಗೋಣಿ ಹಾಸಿ ಮಕ್ಕಳು. ಬಾಗಿಲು ಮಾತ್ರ ಒಂದೇ.

ಹುಳಕ್ಕೆ ನೂರೆಂಟು ಆಗುವುದಿಲ್ಲ. ಬೀಡಿ ಹೊಗೆ ಆಗುವುದಿಲ್ಲ, ಅದಕ್ಕೇ ಮೇಷ್ಟ್ರು ಹುಣಸೆಮರದ ಕೆಳಗೆ ಹೋಗಿ ಸೇದಿ, ಬಾಯಿ ಮುಕ್ಕಳಿಸಿ ಬರಬೇಕಿತ್ತು. ಒಗ್ಗರಣೆ ವಾಸನೆ ಆಗುವುದಿಲ್ಲ. ಹುಳ ಮೇವು ಬಿಟ್ಟು, ತಲೆ ಎತ್ತಿಕೊಂಡು ಪೊರೆ ಕಳಚುವ ದಿನಗಳಿಗೆ 'ಜ್ವರ' ಎನ್ನುತ್ತಾರೆ. ಆಗ ಸದ್ದೂ ಆಗದು ಎಂಬುದು ಅವ್ವ ಶಿವಲಿಂಗಮ್ಮನ ನಂಬಿಕೆ. ಹುಳ ಜ್ವರಕ್ಕೆ ಕೂತರೆ ಮಕ್ಕಳು ಮಗ್ಗಿಯನ್ನು ಪಿಸುಮಾತಿನಲ್ಲಿ ಹೇಳಬೇಕು. "ಎರಡೊಂದ್ಲ ಎರಡು" ಎಂಬುದನ್ನು ಕಳ್ಳರ ಹಾಗೆ ಹೇಳುತ್ತಿದ್ದ ಆ ಮಕ್ಕಳನ್ನು ನೆನೆಸಿಕೊಂಡರೆ ಪುಟ್ಟಗೌರಮ್ಮನಿಗೆ ಈಗಲೂ ತುಟಿ ಅರಳುತ್ತದೆ.

ಆಗಿನ್ನೂ ಗೌರಿಯಾಗಿದ್ದ ಅವಳನ್ನು ಓದಿಸಬೇಕೆಂದು ಯಾರಿಗೂ ಇರಲಿಲ್ಲ. "ಹೆಣ್ಮಗು ಒಂದಾದ್ರೂ ಇರ್ಬೇಕು ಗೌಡ್ರೇ, ಇನ್‌ಸ್ಪೆಕ್ಟರು ಕೇಳ್ತಾರೆ" ಎಂದು ಮೇಷ್ಟ್ರು ಗೋಗರೆದರು. "ನಮ್ಮನೇದೇ ಒಂದು ಐತಲ್ಲ, ಕೂರುಸ್ಕಳಿ" ಎಂದ ಲಿಂಗಯ್ಯ. ಗೋಡೆಗೆ ಒರಗಿಸಿದ ಹಾರೆ ಗುದ್ದಲಿಯ ಹಾಗೆ ಗೌರಿಯನ್ನು ಅಲ್ಲಿ ಕೂರಿಸಿದರು. ಕೂತವಳು ಸುಮ್ಮನೆ ಕೂರಲಿಲ್ಲ. ಮಳೆಗಾಲ ಮುಗಿಯುವುದರೊಳಗೆ ಕಾಗುಣಿತ ಮುಗಿಸಿದಳು. ಅವಳ ಅಕ್ಷರ ದುಂಡಗಿತ್ತು, ಒಂದಕ್ಕೊಂದು ಅಂಟದೆ ನಿಲ್ಲುತ್ತಿತ್ತು. ಬೆಳಿಗ್ಗೆ ಕರಿಹಲಗೆಯ ಮೇಲೆ ತಾರೀಖು, ವಾರ ಬರೆಯುವ ಕೆಲಸವನ್ನು ಮೇಷ್ಟ್ರು ಅವಳಿಗೆ ಕೊಟ್ಟರು. ಸೀಮೆಸುಣ್ಣ ಹಿಡಿದು ಮಕ್ಕಳ ಕಡೆ ಬೆನ್ನು ಮಾಡಿ ನಿಂತಾಗ ಅವಳಿಗೆ ಎದೆಯಲ್ಲಿ ಏನೋ ಗರಿ ಬಿಚ್ಚುತ್ತಿತ್ತು.

ನಾಲ್ಕನೇ ಕ್ಲಾಸಿಗೆ ಬಂದಾಗ ಮೇಷ್ಟ್ರು ಒಂದು ದಿನ ಹೇಳಿದರು: "ಗೌರಿ, ವಿರೂಪಾಕ್ಷಿಪುರದಲ್ಲಿ ಪರೀಕ್ಷೆ ಪಾಸು ಮಾಡು. ಆಮೇಲೆ ಅಲ್ಲೇ ಮಿಡ್ಲ್ ಸ್ಕೂಲು. ಅಲ್ಲಿ ಎಲ್.ಎಸ್. ಪರೀಕ್ಷೆ ಆದ್ರೆ ಸರ್ಕಾರದವರೇ ಟ್ರೈನಿಂಗಿಗೆ ಕಳಿಸ್ತಾರೆ. ಹೆಣ್ಣು ಮೇಷ್ಟ್ರು ಸಿಗದೆ ಒದ್ದಾಡ್ತಾ ಇದಾರೆ ಕಣಮ್ಮ. ನೀನು ಮೇಷ್ಟ್ರಾಗಬಹುದು."

ಅವತ್ತಿನಿಂದ ಅವಳಿಗೆ ಬೇಕಾಗಿದ್ದು ಅದೊಂದೇ. ಅಪ್ಪನೂ ಬೇಡ ಎನ್ನಲಿಲ್ಲ. "ನಮ್ಮ ಲಿಂಗಯ್ಯನ ಮಗಳು ಮೇಷ್ಟ್ರಂತೆ" ಎಂದು ಸಂತೆಯಲ್ಲಿ ಯಾರೋ ಅಂದದ್ದು ಅವನಿಗೂ ಹಿತವಾಗಿಯೇ ಇತ್ತು.

ಸ್ಕೂಲಿಗೆ ಬರುತ್ತಿದ್ದ ಇನ್ನೊಂದು ಹೆಣ್ಣು ಹೊನ್ನಿ, ಊರಾಚೆಯ ಕೇರಿಯವಳು. ಕೇರಿಯ ಮಕ್ಕಳು ಒಳಗೆ ಕೂರುವ ಹಾಗಿರಲಿಲ್ಲ. ಎಲ್ಲರ ಸ್ಕೂಲು ಎಂದು ಸರ್ಕಾರ ಹೇಳಿತ್ತು. ಹುಳಕ್ಕೆ ಆಗಲ್ಲ ಎಂದು ಲಿಂಗಯ್ಯ ಹೇಳಿದ. ಹೊನ್ನಿ ಬಾಗಿಲಾಚೆ ಸೂರಿನ ಕೆಳಗೆ ಕೂತು ಒಳಗೆ ನೋಡುತ್ತಿದ್ದಳು. ಮೇಷ್ಟ್ರು ಕರಿಹಲಗೆಯನ್ನು ಒಂದು ಚೂರು ಬಾಗಿಲ ಕಡೆಗೆ ತಿರುಗಿಸಿ ಇಡುತ್ತಿದ್ದರು. ಅವರ ಕೈಲಾಗಿದ್ದು ಅಷ್ಟು.

"ಗೌರವ್ವಾ, ನಿನ್ನ ತಲೆ ಅಡ್ಡ ಬತ್ತದೆ, ಒಸಿ ಸರ್ಕೊ!" ಎಂದು ಹೊನ್ನಿ ಆಚೆಯಿಂದ ಕೂಗುವಳು.

"ನನ್ನ ತಲೆ ತೂತು ಮಾಡ್ಕೊಂಡು ನೋಡು" ಎನ್ನುವಳು ಗೌರಿ. ಆದರೂ ಸರಿಯುವಳು.

ಪರೀಕ್ಷೆ ಹತ್ತಿರ ಬಂದಾಗ ಗೌರಿ ಮೊದಲ ಸಲ ಮುಟ್ಟಾದಳು. ಎಮ್ಮೆಗೆ ಹುಲ್ಲು ಹಾಕುತ್ತಿದ್ದಾಗ ಗೊತ್ತಾಯಿತು. ಅವಳು ಮೊದಲು ನೆನೆಸಿದ್ದು ಅವ್ವನನ್ನಲ್ಲ, ಬಾಗಿಲನ್ನು. ಮುಟ್ಟಾದ ಹೆಂಗಸು ಹುಳದ ಮನೆಯ ಹೊಸ್ತಿಲು ದಾಟಬಾರದು. ಅವ್ವ ಆ ದಿನಗಳಲ್ಲಿ ಹಿಪ್ಪುನೇರಳೆ ಸೊಪ್ಪಿನ ಹೊರೆಯನ್ನು ಆಚೆಯೇ ಇಳಿಸಿ, ದೂರ ನಿಂತು ಕೂಗುತ್ತಿದ್ದಳು. ಮೈನೆರೆದ ಹುಡುಗಿಯ ಪಾಡಂತೂ ಕೇಳುವುದೇ ಬೇಡ: ಆಮೇಲೆ ಯಾವ ದಿನ ಏನೋ ಎಂಬ ಭಯಕ್ಕೆ ಅವಳನ್ನು ಬಾಗಿಲ ಹತ್ತಿರವೇ ಬಿಡುವುದಿಲ್ಲ. ಬೇರೆ ಊರಿನ ಹುಡುಗಿಯಾಗಿದ್ದರೆ ಮುಟ್ಟಿಗೂ ಸ್ಕೂಲಿಗೂ ಏನು ಸಂಬಂಧ ಎನ್ನಬಹುದಿತ್ತು. ಈ ಊರಿನಲ್ಲಿ ಎರಡಕ್ಕೂ ಒಂದೇ ಬಾಗಿಲು.

ಗೌರಿ ಯಾರಿಗೂ ಹೇಳಲಿಲ್ಲ. ಅವ್ವನ ಹಳೇ ಸೀರೆ ಹರಿದು, ಬಟ್ಟೆಯನ್ನು ಕೊಟ್ಟಿಗೆಯ ಸೂರಿನಲ್ಲಿ ಬಚ್ಚಿಟ್ಟು, ಕೆರೆಯಲ್ಲಿ ಒಗೆದು, ದಿನವೂ ಹೋಗಿ ತಾರೀಖು ಬರೆದಳು. ತಡಿಕೆಯಾಚೆ ಹುಳ ಸೊಪ್ಪು ಮೇಯುವ ಸದ್ದಿಗೆ ಕಿವಿ ಕೊಟ್ಟು ಕೂರುತ್ತಿದ್ದಳು. ಹುಳ ಚೆನ್ನಾಗಿಯೇ ಇದ್ದವು. ಆ ಬೆಳೆ ಗೂಡು ಕಟ್ಟಿತು. ರಾಮನಗರದಲ್ಲಿ ಒಳ್ಳೆಯ ದರಕ್ಕೇ ಹೋಯಿತು. ಹಾಗಾದರೆ ಅವ್ವ ಹೇಳುವುದು ಸುಳ್ಳಾ ಎಂದು ಅವಳಿಗೆ ಮೊದಲ ಸಲ ಅನ್ನಿಸಿತು.

ಮುಂದಿನ ಬೆಳೆಗೆ ಯುಗಾದಿಗೆ ಮುಂಚೆಯೇ ಅಕಾಲದ ಮಳೆ ಹಿಡಿಯಿತು. ಸೊಪ್ಪೆಲ್ಲ ನೆನೆದಿತ್ತು. ಹುಳ ಕೊನೆಯ ಜ್ವರ ಎದ್ದು ಹಸಿವಿಗೆ ಬಾಯಿಬಿಡುತ್ತಿದ್ದವು. ಒಣಗಿಸಲು ಪುರುಸೊತ್ತಿಲ್ಲದೆ ಅವ್ವ ಹಸಿ ಸೊಪ್ಪನ್ನೇ ಹಾಕಿದಳು. ಅದೇ ಮಳೆಯಲ್ಲಿ ಹೊನ್ನಿ ಸೂರಿನ ಕೆಳಗೆ ತೊಯ್ದು ತೊಪ್ಪೆಯಾಗಿ ನಡುಗುತ್ತಿದ್ದಳು. ಮೇಷ್ಟ್ರು ಅತ್ತಿತ್ತ ನೋಡಿ, "ಒಳಗೆ ಬಂದು ಮೂಲೇಲಿ ಕೂತ್ಕೊ" ಎಂದುಬಿಟ್ಟರು. ಗೌರಿ ಗೋಣಿಯಲ್ಲಿ ಜಾಗ ಕೊಟ್ಟಳು. ಆ ದಿನ ಗೌರಿ ಮುಟ್ಟಾಗಿದ್ದಳು.

ವಾರ ಕಳೆಯುವುದರೊಳಗೆ ಹುಳ ಸಪ್ಪೆಯಾದವು. ಮೇವು ಬಿಟ್ಟವು, ಮೈ ಮೆತ್ತಗಾಯಿತು, ಕಪ್ಪಗಾಗಿ ನಾರತೊಡಗಿದವು. ಲಿಂಗಯ್ಯ ತಟ್ಟೆ ತಟ್ಟೆಯೇ ತಿಪ್ಪೆಗೆ ಸುರಿದ. ಮೇಷ್ಟ್ರು ಕೇರಿಯ ಹುಡುಗಿಯನ್ನು ಒಳಗೆ ಬಿಟ್ಟದ್ದನ್ನು ಯಾವ ಮಗುವೋ ಮನೆಯಲ್ಲಿ ಹೇಳಿತು. ಸಂಜೆಗೆ ಜಗಲಿ ತುಂಬ ಜನ. ಹೊನ್ನಿಯ ಅಪ್ಪ ಮಾದಯ್ಯ ಕೆಳಗೆ ಮಣ್ಣಿನಲ್ಲಿ ನಿಂತಿದ್ದ. ತಪ್ಪಾಯ್ತು ಬುದ್ಧೀ ಎಂದು ಹೇಳುತ್ತಲೇ, ಯಾರೂ ಹೊಡೆ ಎನ್ನದಿದ್ದರೂ, ಮಗಳ ಬೆನ್ನಿಗೆ ತಾನೇ ಬಾರಿಸುತ್ತಿದ್ದ. ಬೇರೆಯವರು ಹೊಡೆಯುವ ಮುಂಚೆ ತಾನು ಹೊಡೆದರೆ ಕಡಿಮೆ ಪೆಟ್ಟಿನಲ್ಲಿ ಮುಗಿಯುತ್ತದೆ ಎಂಬ ಲೆಕ್ಕ ಅವನದು. ಹೊನ್ನಿ ಅಳಲಿಲ್ಲ. ಗೌರಿಯನ್ನೇ ನೋಡುತ್ತಿದ್ದಳು.

ಗೌರಿಗೆ ತಡೆಯಲಾಗಲಿಲ್ಲ.

"ಹೊನ್ನಿ ಅಲ್ಲ ಕಣಪ್ಪ. ಅವ್ಳಿಂದ ಹುಳ ಸಾಯ್ಲಿಲ್ಲ. ನಾನು... ನಾನು ದೊಡ್ಡೋಳಾಗಿ ಒಂದು ಬೆಳೆ ಕಳೀತು. ಹೇಳ್ದೆ ಒಳಗೋಯ್ತಿದ್ದೆ."

ಇನ್ನೊಂದು ಮಾತು ಅವಳ ನಾಲಿಗೆಯ ತುದಿಯಲ್ಲಿತ್ತು: ಹೋದ ಬೆಳೇಲೂ ಹೋಗಿದ್ದೆ, ಆಗ ಹುಳಕ್ಕೆ ಏನೂ ಆಗ್ಲಿಲ್ವಲ್ಲ ಎಂಬುದು. ಅದು ಬರುವುದರೊಳಗೆ ಅವ್ವನ ಕೈ ಕೆನ್ನೆಗೆ ಬಿದ್ದಿತ್ತು.

"ಮನೆಹಾಳಿ, ನಾಕು ಜನದೆದ್ರಿಗೆ ಹೇಳ್ತಾ ಇದೀಯಲ್ಲೇ!"

ಸತ್ಯ ಹೇಳಿದರೆ ಹೊನ್ನಿ ಉಳಿದುಕೊಳ್ಳುತ್ತಾಳೆ ಎಂದು ಹದಿಮೂರರ ಗೌರಿ ಎಣಿಸಿದ್ದಳು. ಒಬ್ಬರು ಹೊರಗಾದರೆ ಇನ್ನೊಬ್ಬರು ಒಳಗೆ ಎಂಬ ಕೂಡುಕಳೆಯ ಲೆಕ್ಕ. ಲಿಂಗಯ್ಯನ ಲೆಕ್ಕ ಬೇರೆ ಇತ್ತು. ಒಂದರ ಜಾಗದಲ್ಲಿ ಎರಡು ಮೈಲಿಗೆ ಅವನಿಗೆ ಸಿಕ್ಕಿತು.

"ಮೇಷ್ಟ್ರೇ, ಹುಳ ಬೇರೆ, ಸ್ಕೂಲು ಬೇರೆ. ನಾಳೆಯಿಂದ ಮಾರಮ್ಮನ ಗುಡಿ ಜಗಲೀಲಿ ನಡೆಸ್ಕಳಿ. ನೆಳ್ಳೈತೆ, ಗಾಳಿ ಐತೆ."

ಮೇಷ್ಟ್ರು ಬಾಯಿ ತೆರೆದರು. ಗೌರಿ ಅವರ ಬಾಯನ್ನೇ ನೋಡುತ್ತಿದ್ದಳು. ಇದು ಸರ್ಕಾರದ ಸ್ಕೂಲು ಎನ್ನುತ್ತಾರೆ, ಇನ್‌ಸ್ಪೆಕ್ಟರಿಗೆ ಬರೆಯುತ್ತೇನೆ ಎನ್ನುತ್ತಾರೆ, ಈ ಹುಡುಗಿ ಪರೀಕ್ಷೆ ಬರೆಯಲಿ ಎಂದಾದರೂ ಎನ್ನುತ್ತಾರೆ.

"ಆಗ್ಲಿ ಗೌಡ್ರೇ" ಎಂದರು ಮೇಷ್ಟ್ರು.

ಅವರ ಮೇಲೆ ಅವಳು ಬಹಳ ವರ್ಷ ಸಿಟ್ಟಿಟ್ಟುಕೊಂಡಿದ್ದಳು. ತಾನೇ ಮಕ್ಕಳ ತಾಯಿಯಾದ ಮೇಲೆ ಅರ್ಥವಾಯಿತು: ಊರು ಸೂರು ಕಿತ್ತುಕೊಂಡರೆ ಸ್ಕೂಲಿಲ್ಲ, ಸ್ಕೂಲಿಲ್ಲದಿದ್ದರೆ ಮೇಷ್ಟ್ರಿಲ್ಲ. ಸರ್ಕಾರ ಅವರ ಕೈಗೆ ಕರಿಹಲಗೆ ಕೊಟ್ಟಿತ್ತು, ಬಾಗಿಲ ಕೀಲಿ ಕೊಟ್ಟಿರಲಿಲ್ಲ. ಅರ್ಥವಾಯಿತೆಂದು ಸಿಟ್ಟು ಇಳಿಯಿತು ಎಂದೇನೂ ಅಲ್ಲ.

ಮಾರಮ್ಮನ ಗುಡಿಯ ಜಗಲಿಗೆ ಮುಟ್ಟಾದವಳೂ ಹತ್ತುವಂತಿಲ್ಲ, ಕೇರಿಯವರೂ ಹತ್ತುವಂತಿಲ್ಲ. ಅಲ್ಲಿ ಜಗಲಿಯಾಚೆ ಕೂರಲು ಸೂರೂ ಇರಲಿಲ್ಲ, ಬಿಸಿಲಿಗೆ ಕಾದ ಬಯಲು. ಹೊನ್ನಿ ಲಿಂಗಯ್ಯನ ತೋಟದಲ್ಲೇ ಸೊಪ್ಪು ಬಿಡಿಸುವ ಕೂಲಿಗೆ ಬಂದಳು. ಅವಳು ಬಿಡಿಸಿದ ಸೊಪ್ಪನ್ನು ತಿನ್ನಲು ಹುಳಕ್ಕೆ ಏನೂ ತೊಂದರೆಯಾಗಲಿಲ್ಲ.

ಗೌರಿಗೆ ತಡವಾಗಿ ಮೈನೆರೆದ ಒಸಗೆ ಮಾಡಿದರು. ಸೋದರಮಾವ ಹಸಿ ಸೊಪ್ಪು ತಂದು ಅಂಗಳದ ಮೂಲೆಯಲ್ಲಿ ಗುಡ್ಲು ಹಾಕಿದ. ಊರಿನ ಹೆಂಗಸರು ಬಂದು ಅವಳ ಮಡಿಲಿಗೆ ಚಿಗಳಿ, ಕೊಬ್ಬರಿ, ಬೆಲ್ಲ ತುಂಬಿದರು. ತಲೆ ತುಂಬ ಹೂ ಮುಡಿಸಿದರು. ಹಾಡು ಶುರುವಾದ ಹೊತ್ತಿಗೆ ಬೀದಿಯಲ್ಲಿ ಎತ್ತಿನ ಗೆಜ್ಜೆ ಕೇಳಿಸಿತು. ಮೇಷ್ಟ್ರು ಗಂಡುಹುಡುಗರನ್ನು ಗಾಡಿಯಲ್ಲಿ ಕೂರಿಸಿಕೊಂಡು ವಿರೂಪಾಕ್ಷಿಪುರಕ್ಕೆ ಪರೀಕ್ಷೆಗೆ ಹೊರಟಿದ್ದರು. ಹುಡುಗರು ಗಂಟಲು ಹರಿಯುವ ಹಾಗೆ ಮಗ್ಗಿ ಕೂಗುತ್ತಿದ್ದರು. ಇನ್ನು ಪಿಸುಗುಟ್ಟುವ ಕಟ್ಟು ಇರಲಿಲ್ಲವಲ್ಲ. ಗೌರಿ ಸೊಪ್ಪಿನ ಸಂದಿಯಿಂದ ನೋಡಿದಳು. ಗಾಡಿ ತಿರುವಿನಲ್ಲಿ ಮರೆಯಾಯಿತು. "ನಗೇ ಮಗ, ಮದ್ಲಿಂಗಿತ್ತಿ ಹಂಗೆ ಕಾಣ್ತಾ ಇದೀಯ" ಎಂದು ಯಾರೋ ಗದ್ದ ಹಿಡಿದು ಎತ್ತಿದರು.

ಅವಳನ್ನು ಚನ್ನಪಟ್ಟಣದ ಕಡೆಯ ಕೆಂಪಯ್ಯನಿಗೆ ಕೊಟ್ಟರು. ಒಳ್ಳೆಯ ಮನುಷ್ಯ, ಮಾತು ಕಡಿಮೆ. ಅವನ ಮನೆಯಲ್ಲೂ ಹುಳವೇ. ಮದುವೆಯಾಗಿ ಬಂದವಳು ಸೊಪ್ಪು ಹೆಚ್ಚಿದಳು, ಹಿಕ್ಕೆ ತೆಗೆದಳು, ಹಣ್ಣಾದ ಹುಳ ಆಯ್ದು ಗೂಡು ಕಟ್ಟಲು ಚಂದ್ರಿಕೆಗೆ ಬಿಟ್ಟಳು, ಮೂರು ಮಕ್ಕಳನ್ನು ಹೆತ್ತಳು. ಆಮೇಲಾಮೇಲೆ ತಟ್ಟೆಗೆ ಹಳೇ ಪೇಪರು ಹಾಸುವ ರೂಢಿ ಬಂತು. ಪುಟ್ಟಗೌರಮ್ಮ ಹಾಸುವಾಗಲೂ ಹಿಕ್ಕೆ ತೆಗೆಯುವಾಗಲೂ ಅದನ್ನು ಓದುತ್ತಿದ್ದಳು. ಸರ್ಕಾರ ಬಿದ್ದದ್ದು, ಯುದ್ಧ ನಿಂತದ್ದು, ಹೆಣ್ಣುಮಗಳೊಬ್ಬಳು ಪ್ರಧಾನಿಯಾದದ್ದು ಎಲ್ಲವೂ ಅವಳಿಗೆ ತಿಂಗಳು ತಡವಾಗಿ, ಹುಳದ ಹಿಕ್ಕೆಯ ಕೆಳಗಿನಿಂದಲೇ ಗೊತ್ತಾಯಿತು. "ಪೇಪರ್ ಓದ್ತಾ ಕೂತ್ರೆ ಹುಳಕ್ಕೆ ನಿಮ್ಮಪ್ಪ ಬಂದು ಸೊಪ್ಪಾಕ್ತಾನಾ?" ಎಂದು ಅತ್ತೆ ಬೈಯುತ್ತಿದ್ದಳು. ಒಮ್ಮೆ ರೇಷ್ಮೆ ಇಲಾಖೆಯವರು ಊರಿನಲ್ಲಿ ಸಭೆ ಮಾಡಿ, ಸಪ್ಪೆ ರೋಗ ಬರುವುದು ನೆನೆದ ಸೊಪ್ಪಿನಿಂದ, ಶೆಕೆಯಿಂದ, ತೊಳೆಯದ ತಟ್ಟೆಯಿಂದ ಎಂದರು. ಗಂಡಸರು ತಲೆಯಾಡಿಸಿ ಕಾಫಿ ಕುಡಿದರು. ಪುಟ್ಟಗೌರಮ್ಮ ಎದ್ದು ಹಿತ್ತಲಿಗೆ ಹೋಗಿ ಬಹಳ ಹೊತ್ತು ಪಾತ್ರೆ ಉಜ್ಜಿದಳು.

ತವರಿಗೆ ಹೋದಾಗ ಹೊನ್ನಿ ಸಿಗುತ್ತಿದ್ದಳು, ಸೊಪ್ಪಿನ ಹೊರೆ ಹೊತ್ತುಕೊಂಡು. ಅಷ್ಟು ಹೊತ್ತಿಗೆ ಊರಿಗೆ ಸ್ಕೂಲಿನ ಸ್ವಂತ ಕಟ್ಟಡ ಬಂದಿತ್ತು. ಗೋಡೆಗೆ ಒಂದು ಕಲ್ಲು ನೆಟ್ಟು ಲಿಂಗಯ್ಯನ ಹೆಸರನ್ನು ಕೆತ್ತಿಸಿದ್ದರು, ಊರಿಗೆ ವಿದ್ಯೆ ತಂದ ಪುಣ್ಯಾತ್ಮ ಎಂದು. ಹೊನ್ನಿ ಆ ಕಲ್ಲಿನ ಎದುರು ಹೊರೆ ಇಳಿಸಿ ಸುಧಾರಿಸಿಕೊಳ್ಳುತ್ತಾ ಒಂದು ಸಲ ಕೇಳಿದಳು:

"ಅವತ್ತು ಯಾಕೆ ಹೇಳಕ್ಕೋದೆ ಗೌರವ್ವಾ?"

"ನಿಂಗೆ ಹೊಡೀತಿದ್ರಲ್ಲೇ."

"ಹೊಡ್ತ ನಂಗೇನು ಹೊಸದಾ? ಎಲ್ಡು ದಿನಕ್ಕೆ ಬಾವು ಇಳೀತಿತ್ತು. ನೀನಾದ್ರೂ ಬಾಯ್ಮುಚ್ಕೊಂಡಿದ್ರೆ ಮೇಷ್ಟ್ರಾಗ್ತಿದ್ದೆ. ನನ್ ಮಕ್ಳನ್ನ ಒಳಗೆ ಕೂರುಸ್ಕೊಳ್ಳೋಕೆ ಒಬ್ಳಿರ್ತಿದ್ಲು."

ಹೊನ್ನಿ ಹೊರೆಗೆ ಕೈ ಹಾಕಿದಳು. "ಬಾ, ಒಂದು ಕೈ ಕೊಡು, ಎತ್ತು" ಎಂದಳು. ಪುಟ್ಟಗೌರಮ್ಮ ಎತ್ತಿಕೊಟ್ಟಳು. ಹೊನ್ನಿ ಸತ್ತು ಈಗ ಎಷ್ಟೋ ವರ್ಷ. ಆ ಮಾತು ಮಾತ್ರ ಪುಟ್ಟಗೌರಮ್ಮನ ಜೊತೆಯಲ್ಲೇ ಇದೆ.

ಶುಕ್ರವಾರ ಮೊಮ್ಮಗನ ಹೆಂಡತಿ ದಿವ್ಯ ರಜೆ ಹಾಕಿ ಕಾರಿನಲ್ಲಿ ಕರೆದುಕೊಂಡು ಹೊರಟಳು. ದಿವ್ಯ ಎಂ.ಎಸ್ಸಿ. ಓದಿದವಳು, ರಾಮನಗರದ ಒಂದು ಖಾಸಗಿ ಸ್ಕೂಲಿನಲ್ಲಿ ವಿಜ್ಞಾನದ ಟೀಚರ್. ಬೆಳಿಗ್ಗೆ ಅವಳು ಸೀರೆಯುಟ್ಟು, ಕುತ್ತಿಗೆಗೆ ಐಡಿ ಕಾರ್ಡು ತೂಗಿಕೊಂಡು ಸ್ಕೂಲಿಗೆ ಹೊರಡುವುದನ್ನು ಪುಟ್ಟಗೌರಮ್ಮ ದಿನವೂ ಬಾಗಿಲಲ್ಲಿ ನಿಂತು ನೋಡುತ್ತಾಳೆ. ಯಾಕೆ ನೋಡುತ್ತಾಳೆ ಎಂದು ಮನೆಯಲ್ಲಿ ಯಾರೂ ಕೇಳಿಲ್ಲ.

ಸ್ಕೂಲಿನ ಗೋಡೆಗೆ ಹೊಸ ಸುಣ್ಣ. ಲಿಂಗಯ್ಯನ ಕಲ್ಲಿಗೆ ಹೂವಿನ ಹಾರ. ಬಾಗಿಲ ಮೇಲೆ 'ಹೊರಗಿನವರಿಗೆ ಪ್ರವೇಶವಿಲ್ಲ' ಎಂಬ ಬೋರ್ಡು. ಹೊಸ್ತಿಲಲ್ಲಿ ಕಾಲಿಡಲು ಬ್ಲೀಚಿಂಗ್ ಪೌಡರು, ಪಕ್ಕದಲ್ಲಿ ಕೈ ತೊಳೆಯಲು ಬಕೆಟ್ಟು. ಬಾಲರಾಜು ಬಿಳೀ ಶರಟು ಹಾಕಿಕೊಂಡು ಓಡಾಡುತ್ತಿದ್ದ. ದಿವ್ಯ ಬಾಗಿಲಿಗೆ ನಾಲ್ಕು ಹೆಜ್ಜೆ ಇರುವಾಗಲೇ ನಿಂತಳು.

"ಅಜ್ಜಿ, ನೀವು ಹೋಗ್ಬನ್ನಿ. ನಾನು ಕಾರ್ ಹತ್ರ ಇರ್ತೀನಿ."

"ಯಾಕವ್ವಾ?"

ದಿವ್ಯ ದನಿ ತಗ್ಗಿಸಿದಳು. "ಮುಟ್ಟಾಗಿದೀನಿ."

ಯಾರೂ ಅವಳನ್ನು ತಡೆದಿರಲಿಲ್ಲ. ಯಾರೂ ಕೇಳಿಯೂ ಇರಲಿಲ್ಲ. ಪುಟ್ಟಗೌರಮ್ಮ ಅತ್ತಿತ್ತ ನೋಡಿ ಅವಳ ಕೈ ಹಿಡಿದಳು.

"ಹೇಳ್ಬ್ಯಾಡ. ಯಾರ್ಗೂ ಹೇಳ್ಬ್ಯಾಡ ಮಗ. ಸುಮ್ಕೆ ನನ್ನ ಹಿಂದೆ ಬಾ."

"ಬೇಡಿ ಅಜ್ಜಿ. ನಾಳೆ ಹುಳ ಏನಾದ್ರೂ ಹೋದ್ರೆ ನನ್ನ ತಲೆಗೇ ಬರತ್ತೆ."

"ನೀನು ಮಕ್ಳಿಗೆ ವಿಜ್ಞಾನ ಹೇಳ್ಕೊಡೋಳಲ್ವೇನೇ?"

"ಅಯ್ಯೋ, ಅದು ಸ್ಕೂಲಲ್ಲಿ ಅಜ್ಜಿ."

"ಇದೇನು ಮತ್ತೆ?" ಎಂದಳು ಪುಟ್ಟಗೌರಮ್ಮ.

ಅಜ್ಜಿ ತಮಾಷೆ ಮಾಡುತ್ತಿದ್ದಾಳೆ ಎಂದು ದಿವ್ಯ ನಕ್ಕು, ಕೈ ಬಿಡಿಸಿಕೊಂಡು, ಫೋನ್ ತೆಗೆದು ಬೇವಿನಮರದ ನೆರಳಿಗೆ ಹೋದಳು.

ಪುಟ್ಟಗೌರಮ್ಮ ಒಬ್ಬಳೇ ಒಳಗೆ ಹೋದಳು. ಗೋಡೆಯ ಮೇಲೆ ಅಕ್ಷರಮಾಲೆ ಇನ್ನೂ ಅಳಿಸಿರಲಿಲ್ಲ. ಬೆಂಚುಗಳ ಜಾಗದಲ್ಲಿ ಸಾಲಾಗಿ ನೀಲಿ ತಟ್ಟೆಗಳು, ಅವುಗಳ ತುಂಬ ಇರುವೆಯಷ್ಟು ಸಣ್ಣ ಕಪ್ಪು ಮರಿಹುಳ. ಎದುರು ಗೋಡೆಯಲ್ಲಿ ಕರಿಹಲಗೆ. ಬಾಲರಾಜುವಿನ ಹೆಂಡತಿ ರಾಧಾಮಣಿ ಸಣ್ಣಗೆ ಹೆಚ್ಚಿದ ಸೊಪ್ಪಿನ ಮೊರ ಹಿಡಿದು ನಿಂತಿದ್ದಳು.

"ಅತ್ತೆ, ಮೊದ್ಲು ಬೋರ್ಡ್ ಮೇಲೆ ಇವತ್ತಿನ ಡೇಟ್ ಬರೀಬೇಕು, ಹುಳ ಬಿಟ್ಟ ದಿನ ಗೊತ್ತಾಗ್ಲಿ ಅಂತ. ನೀನೇ ಬರಿ, ಶುಭ" ಎಂದು ಬಾಲರಾಜು ಚಾಕ್‌ಪೀಸ್ ಕೊಟ್ಟ.

ಅವಳು ಕರಿಹಲಗೆಯ ಮುಂದೆ ನಿಂತಳು. ಬೆನ್ನ ಹಿಂದೆ ಸದ್ದಿಲ್ಲ. ಮೇಲ್ಗಡೆ ಬಲಕ್ಕೆ, ಮೇಷ್ಟ್ರು ಹೇಳಿಕೊಟ್ಟ ಜಾಗದಲ್ಲಿ ತಾರೀಖು ಬರೆದಳು. ಅದರ ಕೆಳಗೆ ಶುಕ್ರವಾರ ಎಂದು ಬರೆದಳು. ಅಕ್ಷರಗಳು ಒಂದಕ್ಕೊಂದು ಅಂಟದೆ ನಿಂತವು.

"ಅಬ್ಬಾ, ಪ್ರಿಂಟ್ ಹಾಕಿದಂಗೈತಲ್ಲತ್ತೆ!" ಬಾಲರಾಜು ಜೋರಾಗಿ ನಕ್ಕ. "ನೀನು ಮೇಷ್ಟ್ರಾಗ್ಬೇಕಿತ್ತು ಕಣತ್ತೆ!"

ಬಂದಿದ್ದವರೆಲ್ಲ ನಕ್ಕರು. ಒಬ್ಬರು ಫೋಟೋ ತೆಗೆದರು. ಪುಟ್ಟಗೌರಮ್ಮ ಸೊಪ್ಪಿನ ಮೊರಕ್ಕೆ ಕೈ ಚಾಚಿದಳು. ರಾಧಾಮಣಿ ಮೊರವನ್ನು ಹಿಂದಕ್ಕೆ ಎಳೆದುಕೊಂಡಳು.

"ಕೈ ತೊಳ್ಕೊಂಬುಡಿ ಅತ್ತೆ. ಚಾಕ್‌ಪೀಸ್ ಪುಡಿ ಹುಳಕ್ಕೆ ಆಗಲ್ಲ."

ಪುಟ್ಟಗೌರಮ್ಮ ಬಾಗಿಲ ಪಕ್ಕದ ಬಕೆಟ್ಟಿನ ಹತ್ತಿರ ಬಗ್ಗಿದಳು. ಬೇವಿನಮರದ ಕೆಳಗೆ ದಿವ್ಯ ಫೋನ್ ಬದಿಗಿಟ್ಟು, ಕಾರಿನಿಂದ ತಂದ ಮಕ್ಕಳ ಉತ್ತರ ಪತ್ರಿಕೆ ತಿದ್ದುತ್ತಿರುವುದು ಅಲ್ಲಿಂದ ಕಾಣುತ್ತಿತ್ತು. ಪುಟ್ಟಗೌರಮ್ಮ ಬೆರಳುಗಳನ್ನು ನೀರಿಗೆ ಇಳಿಸಿ, ಉಗುರಿನ ಸಂದಿಯಲ್ಲಿ ಸೇರಿದ್ದ ಬಿಳಿಯನ್ನೂ ಬಿಡದೆ ತಿಕ್ಕಿ ತೊಳೆದಳು.